ಒಂದೇ ಮಾತಿಗೆ ಅನುಮತಿ

ಅಮೆರಿಕ ಹೇಗಿತ್ತು ಎಂದು ಕೇಳಿದವರಿಗೆಲ್ಲ ಇದುವರೆಗೆ ನಾನು ಜಲಪಾತದ ಕಥೆಯನ್ನೇ ಹೇಳಿದ್ದೇನೆ. ನೀರು, ಹನಿ, ನೀಲಿ ಪ್ಲಾಸ್ಟಿಕ್ಕಿನ ಮಳೆ ಅಂಗಿ. ಅದು ಸುಳ್ಳಲ್ಲ. ಆದರೆ ಆ ಜಲಪಾತವನ್ನು ನಾನು ಸರಿಯಾಗಿ ನೋಡಲೇ ಇಲ್ಲ.

ಈಗ ಬರೆಯುವುದಕ್ಕೆ ಕಾರಣವಿದೆ. ಭಾಗ್ಯ ಎಂದು ಇಲ್ಲಿ ನಾನು ಕರೆಯುವ ಹೆಂಗಸು ಬರೆಯಲು ಒಪ್ಪಿದ್ದಾಳೆ. ಎಷ್ಟು ಬರೆಯಬಹುದು, ಏನನ್ನು ಬಿಡಬೇಕು ಎಂದೂ ಹೇಳಿದ್ದಾಳೆ. ಅವಳ ಹೆಸರು ಭಾಗ್ಯ ಅಲ್ಲ. ಅವಳದು ಅರಕಲಗೂಡು ಕಡೆಯ ಒಂದು ಹಳ್ಳಿ ಎನ್ನುವುದಷ್ಟು ನಿಜ. ಹಳ್ಳಿಯ ಹೆಸರು ಬೇಡ. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ. ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಕಂಡದ್ದನ್ನು ಕಂಡಷ್ಟೇ ಬರೆಯಿರಿ ಎಂದು ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಅದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಈ ಪ್ರವಾಸದಲ್ಲಿ.

ಬಸ್ಸಿನೊಳಗಿನ ಹಾಸನ

ನಮ್ಮ ತಂಡದಲ್ಲಿ ಹೆಚ್ಚಿನವರು ಹಾಸನದವರು. ಉಳಿದವರು ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯವರು. ಮೇಷ್ಟರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬ ಅರ್ಚಕರು ಮತ್ತು ಅವರ ಹೆಂಡತಿ. ಕರೆದುಕೊಂಡು ಹೋದವನು ಲೋಕೇಶ. ಹಾಸನದಲ್ಲಿ ಅವನದೇ ಪ್ರವಾಸದ ಆಫೀಸು. ಅವನ ಪ್ರವಾಸಕ್ಕೆ ಜನ ಮುಗಿಬೀಳಲು ಕಾರಣ ಒಂದೇ: ಅಡುಗೆಯವರು ಜೊತೆಗೇ ಬರುತ್ತಾರೆ. ನಮ್ಮವರು ಸಮುದ್ರ ದಾಟಲು ಹೆದರುವುದಿಲ್ಲ, ಸಾರಿಲ್ಲದ ಒಂದು ಹೊತ್ತಿಗೆ ಹೆದರುತ್ತಾರೆ.

ಲೋಕೇಶನನ್ನು ಎಲ್ಲರೂ ಮಗನ ಹಾಗೆ ಕಾಣುತ್ತಿದ್ದೆವು. ನಾನೂ ಅಷ್ಟೆ. ಹಿರಿಯರ ಪೆಟ್ಟಿಗೆಗಳನ್ನು ಅವನೇ ಹೊರುತ್ತಿದ್ದ, ಮಂಡಿ ನೋವಿದ್ದವರ ಕೈ ಹಿಡಿದು ಬಸ್ಸಿನಿಂದ ಇಳಿಸುತ್ತಿದ್ದ. ಮೊದಲ ದಿನವೇ ಎಲ್ಲರ ಪಾಸ್‌ಪೋರ್ಟು ಇಸಿದುಕೊಂಡು ಒಂದು ಕಪ್ಪು ಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡ. ಕಳೆದುಕೊಂಡುಬಿಡುತ್ತೀರಿ, ನನ್ನ ಹತ್ತಿರ ಇರಲಿ ಎಂದ. ನಾವು ಸಂತೋಷದಿಂದಲೇ ಕೊಟ್ಟೆವು.

ಅಡುಗೆಯವಳು ಭಾಗ್ಯ. ಮೂವತ್ತೈದರ ಆಸುಪಾಸು, ಗಂಡ ತೀರಿಕೊಂಡಿದ್ದಾನೆ. ಊರಿನಲ್ಲಿ ತಾಯಿಯ ಹತ್ತಿರ ಒಬ್ಬ ಮಗಳಿದ್ದಾಳೆ. ಲೋಕೇಶನ ನೆಂಟರು ಅದೇ ಹಳ್ಳಿಯವರು, ಅವಳ ಪಕ್ಕದ ಮನೆಯವರೇ. ಕೆಲಸ ಸಿಕ್ಕಿದ್ದು ಆ ದಾರಿಯಲ್ಲಿ. ಬಸ್ಸಿನ ಕೊನೆಯ ಸೀಟಿನಲ್ಲಿ ಕುಕ್ಕರು, ಅಕ್ಕಿಮೂಟೆಗಳ ಪಕ್ಕ ಕೂರುತ್ತಿದ್ದಳು. ಒಂದು ದಿನ ಅರ್ಚಕರ ಹೆಂಡತಿ, ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಆಕ್ಷೇಪ ಎತ್ತಿದರು. ಭಾಗ್ಯ ತಿರುಗಿ ಕೂಡ ನೋಡಲಿಲ್ಲ.

"ನಾಳೀಕೆ ಜಾಸ್ತಿ ಆಕ್ಬುಡ್ತೀನಿ ಕಣಮ್ಮಾರೆ. ಎರಡ್ನೂ ಸೇರಿಸ್ಕೊಂಡ್ರೆ ಸರಿ ಓಯ್ತದೆ."

ಬಸ್ಸೆಲ್ಲ ನಕ್ಕಿತು. ಲೋಕೇಶನೂ ನಕ್ಕ.

ಅಲ್ಲಿನ ಜನರ ಒಂದು ಅಭ್ಯಾಸ ನನಗೆ ಮೊದಲು ವಿಚಿತ್ರವೆನಿಸಿತ್ತು. ಎದುರಿಗೆ ಬಂದವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲದೆ ಮುಂದೆ ಹೋಗುತ್ತಾರೆ. ನಮ್ಮಲ್ಲಿ ಊಟ ಆಯಿತಾ ಎಂದು ಕೇಳಿದವರು ಏನು ಸಾರು ಎಂಬುದನ್ನೂ ತಿಳಿದುಕೊಂಡೇ ಹೋಗುವುದು. ಇವರಿಗೆ ಯಾರದ್ದೂ ಬೇಡವೇನೋ ಎಂದುಕೊಂಡಿದ್ದೆ.

ಗಂಟೆ ಹೊಡೆದುಕೊಂಡ ಊರು

ಜಲಪಾತಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಎರಡು ರಾತ್ರಿ ಅಲ್ಲಿ ತಂಗುವುದಿತ್ತು. ಒಲೆ ಇರುವ ಒಂದು ಕೋಣೆಯನ್ನು ಭಾಗ್ಯನಿಗೆ ಕೊಟ್ಟಿದ್ದರು. ಬೆಳಿಗ್ಗೆ ಅವಳು ಪುಳಿಯೋಗರೆಗೆ ಒಗ್ಗರಣೆ ಹಾಕಿದಾಗ ಒಣಮೆಣಸಿನಕಾಯಿಯ ಘಾಟು ಎದ್ದು, ಚಾವಣಿಯಲ್ಲಿದ್ದ ಹೊಗೆಯ ಗಂಟೆ ಹೊಡೆದುಕೊಂಡಿತು. ಹೋಟೆಲು ಪೂರ್ತಿ ಖಾಲಿಯಾಯಿತು. ಬಿಳಿಯ ಮುದುಕರು ಚಪ್ಪಲಿ ಹಾಕದೆ ಹುಲ್ಲಿನ ಮೇಲೆ ನಿಂತರು. ಅಗ್ನಿಶಾಮಕದವರು ಬಂದು, ಬಾಣಲೆಯನ್ನು ನೋಡಿ, ಮೂಗು ಮುಚ್ಚಿಕೊಂಡು ಹೋದರು. ನಮಗೆ ನಗು. ಅದರ ಫೋಟೋಗಳು ಆಗಲೇ ತಂಡದ ವಾಟ್ಸಾಪಿನಲ್ಲಿ ಹಾಸನ ಮುಟ್ಟಿದ್ದವು.

ಹೋಟೆಲಿನವರು ಲೋಕೇಶನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಹೀಗಾದರೆ ಎಲ್ಲರನ್ನೂ ಹೊರಗೆ ಕಳಿಸುತ್ತೇವೆ ಎಂದರಂತೆ. ಅವನು ದಿನವಿಡೀ ಮಾತಾಡಲಿಲ್ಲ.

ಆ ಸಂಜೆ ನಾನು ಬಿಸಿನೀರು ಕೇಳಲು ಫ್ಲಾಸ್ಕ್ ಹಿಡಿದು ಭಾಗ್ಯನ ಕೋಣೆಗೆ ಹೊರಟೆ. ಊಟದ ಹೊತ್ತಾಗಿದ್ದರೂ ಹೊರಗೆ ಬಿಸಿಲಿತ್ತು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಬೇಗ ಮುಳುಗುವುದಿಲ್ಲ. ಹಾಗಾಗಿ ನಾನು ಕಂಡದ್ದು ಬೆಳಕಿನಲ್ಲಿ ಕಂಡದ್ದು.

ಬಾಗಿಲು ಒಂದು ಗೇಣು ತೆರೆದಿತ್ತು. ಲೋಕೇಶ ನನಗೆ ಬೆನ್ನು ಹಾಕಿ ನಿಂತಿದ್ದ. ಅವನ ಎಡಗೈಯಲ್ಲಿ ಭಾಗ್ಯನ ಜಡೆ, ಬಲಗೈಯಲ್ಲಿ ಅನ್ನ ಬಡಿಸುವ ಸ್ಟೀಲಿನ ಸೌಟು. ಅವಳು ತಲೆ ಕಾಪಾಡಿಕೊಳ್ಳಲು ತೋಳು ಎತ್ತಿದಳು. ಸೌಟು ತೋಳಿನ ಮೇಲೆ ಬಿತ್ತು. ಅದನ್ನು ನೋಡಿದೆ. ಕಣ್ಣು ಮುಚ್ಚಿಕೊಂಡೆ. ಇನ್ನೊಂದು ಏಟನ್ನು ಕೇಳಿದೆ. ನೋಡಿದ್ದು ಒಂದು, ಕೇಳಿದ್ದು ಒಂದು. ಅದಕ್ಕೆ ಮೊದಲು ಎಷ್ಟು ಬಿದ್ದಿದ್ದವೋ ನನಗೆ ಗೊತ್ತಿಲ್ಲ.

ಅವಳು ಕೂಗಲಿಲ್ಲ. ಅವನೂ ಕೂಗಲಿಲ್ಲ. ನಮಗೆ ಸೀಟು ಬೆಲ್ಟು ಕಟ್ಟಿಕೊಳ್ಳಿ ಎನ್ನುತ್ತಿದ್ದ ಅದೇ ಮೆತ್ತನೆಯ ದನಿಯಲ್ಲಿ ಹೇಳಿದ.

"ನಿನ್ ಮಗ್ಳು ಊರಲ್ಲವ್ಳೆ. ಗ್ಯಾನ ಇರ್ಲಿ."

ಪೊಲೀಸರನ್ನು ಕರೆದವಳು ನಾನಲ್ಲ. ಹಾಗೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ನನ್ನ ಕಾಲು ಕದಲಲಿಲ್ಲ. ಕಾರಿಡಾರಿನಲ್ಲಿ ಹೊದಿಕೆಗಳ ಗಾಡಿ ತಳ್ಳಿಕೊಂಡು ಬರುತ್ತಿದ್ದ ಕೆಲಸದ ಹೆಂಗಸು ನನ್ನ ಮುಖ ನೋಡಿ ನಿಂತಳು. ಹೇಗಿದ್ದೀರಿ ಎಂದಳು. ಈ ಸಲ ಉತ್ತರಕ್ಕಾಗಿ ನಿಂತಿದ್ದಳು. ನಾನು ಬಾಗಿಲ ಕಡೆ ನೋಡಿದೆ. ಅವಳೂ ನೋಡಿದಳು. ಜೇಬಿನಿಂದ ಫೋನು ತೆಗೆದಳು.

ಆಟಿಕೆಗಳಿದ್ದ ಕೋಣೆ

ಪೊಲೀಸರು ಬಂದು ಲೋಕೇಶನನ್ನು ಕರೆದೊಯ್ದರು. ಭಾಗ್ಯನನ್ನು ಬೇರೆ ವಾಹನದಲ್ಲಿ ಕರೆದೊಯ್ದರು. ಕಪ್ಪು ಚೀಲದಿಂದ ನಮ್ಮ ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಹೆಸರು ಕೂಗಿ ಕೊಟ್ಟರು. ನಾವು ಶಾಲೆಯ ಮಕ್ಕಳ ಹಾಗೆ ಸಾಲು ನಿಂತು ತೆಗೆದುಕೊಂಡೆವು.

ಮಾರನೆಯ ಬೆಳಿಗ್ಗೆ ಸಾಕ್ಷಿ ಹೇಳಲು ಪೊಲೀಸ್ ಕಟ್ಟಡಕ್ಕೆ ನನ್ನನ್ನು ಕರೆಸಿದರು. ಹಾಸನದ ರಾಜಣ್ಣನವರು, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು, ನನ್ನ ಜೊತೆಗೆ ಹೊರಟರು. ಈ ಟೀಚರಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ನಾನೇ ಅನುವಾದ ಮಾಡುತ್ತೇನೆ ಎಂದರು. ದಾರಿಯಲ್ಲಿ ನನಗೆ ಬುದ್ಧಿ ಹೇಳಿದರು.

"ನೋಡಿ ಟೀಚರೇ, ಇದು ನಮ್ಮನಮ್ಮಲ್ಲೇ ಕೂತು ಬಗೆಹರಿಸ್ಕೊಳ್ಳೋ ವಿಷ್ಯ. ಅವನಿಗೂ ಹೆಂಡ್ತಿ ಮಕ್ಕಳಿದಾರೆ. ನಿಮಗೆ ಸರಿಯಾಗಿ ಕಾಣಿಸ್ಲಿಲ್ಲ ಅಂದ್ರೆ ಮುಗೀತು."

ನನಗೆ ಹೆದರಿಕೆಯಾಗಿತ್ತು. ಲೋಕೇಶನದು ಮಾತ್ರವಲ್ಲ, ಉಳಿದ ದಿನವೆಲ್ಲ ಕೂರಬೇಕಾಗಿದ್ದ ಆ ಬಸ್ಸಿನದು.

ಅಲ್ಲಿ ನಮ್ಮನ್ನು ಎದುರುಗೊಂಡ ಹೆಂಗಸಿಗೆ ಸಮವಸ್ತ್ರವಿರಲಿಲ್ಲ. ಐವತ್ತು ದಾಟಿದವರು, ಭಾರೀ ಮೈ, ಕೊರಳಲ್ಲಿ ಗುರುತಿನ ಚೀಟಿ. ಕ್ಯಾರಲ್ ಎನ್ನೋಣ. ಅಪರಾಧಕ್ಕೆ ಗುರಿಯಾದವರ, ಅದನ್ನು ಕಂಡವರ ಜೊತೆ ನಿಲ್ಲುವುದಕ್ಕೆಂದೇ ಸರ್ಕಾರ ಸಂಬಳ ಕೊಟ್ಟು ಇಟ್ಟಿರುವ ಅಧಿಕಾರಿ. ವಿಕ್ಟಿಮ್ ಅಡ್ವೊಕೇಟ್ ಎನ್ನುತ್ತಾರೆ. ರಾಜಣ್ಣನವರು ಅವರನ್ನು ವಕೀಲರೆಂದುಕೊಂಡು ಜಾಮೀನಿನ ವಿಚಾರ ಎತ್ತಿದರು. ಕ್ಯಾರಲ್ ಪೂರ್ತಿ ಕೇಳಿ, ಹೊರಗಿನ ಕುರ್ಚಿಯನ್ನು ತೋರಿಸಿ, ಕಾಫಿ ಕೊಟ್ಟು, ಬಾಗಿಲು ಮುಚ್ಚಿದರು. ಗೊತ್ತಿರುವವರು ಅನುವಾದ ಮಾಡುವಂತಿಲ್ಲವಂತೆ.

ಒಳಗೆ ಒಂದು ಸೋಫಾ, ಕಣ್ಣೊರೆಸುವ ಕಾಗದದ ಡಬ್ಬಿ, ಮಕ್ಕಳ ಆಟಿಕೆಗಳ ಒಂದು ಬುಟ್ಟಿ. ಕ್ಯಾರಲ್ ಮೇಜಿನ ಮೇಲಿನ ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆದರು. ಗಂಡಸಿನ ದನಿ.

"ನಮಸ್ಕಾರ ತಾಯಿ. ಯಾವೂರ್ ನಿಮ್ದು?"

ಎಷ್ಟೋ ದಿನದ ಮೇಲೆ ನಮ್ಮ ಕಡೆಯ ಮಾತು ಹೊರಗಿನವರ ಬಾಯಲ್ಲಿ ಕೇಳಿತು. ಮನಸ್ಸು ಅರಳಿತು. ಹೊಳೆನರಸೀಪುರ ಎಂದೆ.

"ಅಯ್, ನಮ್ದು ಅರಕಲಗೂಡು ಕಣಮ್ಮ. ನಮ್ಮಾವ್ನ ಮನೆ ನಿಮ್ಮೂರೇಯ. ಯಾರ್ ಮನೆಯೋರು ನೀವು?"

ನಮ್ಮ ಯಜಮಾನರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕ್ಯಾರಲ್ ಕೈ ಚಾಚಿ ಫೋನು ಕತ್ತರಿಸಿದರು.

ನಾನು ಬೆಚ್ಚಿ ನೋಡಿದೆ. ಅವರು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ನಾನು ಇನ್ನೂ ಪ್ರಶ್ನೆಯನ್ನೇ ಕೇಳಿಲ್ಲ. ನೀವಿಬ್ಬರೂ ಆಗಲೇ ಉತ್ತರಕ್ಕೆ ಹೋಗಿದ್ದಿರಿ."

ಊರು ಕೇಳಿದರು ಅಷ್ಟೆ, ನಮ್ಮ ಕಡೆ ಅದು ಮರ್ಯಾದೆ ಎಂದೆ. ಇರಬಹುದು ಎಂದರು. ಇವತ್ತು ಅದು ವಿಳಾಸ ಎಂದರು.

ಆಗ ನನಗೆ ನಿಜವಾಗಿ ಭಯವಾಯಿತು. ಆ ಮನುಷ್ಯ ಒಳ್ಳೆಯವನೇ ಇರಬಹುದು. ಬಾಯಿ ಬಿಡುವುದಿಲ್ಲ ಎಂದು ಪ್ರಮಾಣ ಮಾಡಿಯೇ ಆ ಕೆಲಸಕ್ಕೆ ಬಂದಿರುತ್ತಾನೆ ಎಂದು ಕ್ಯಾರಲ್ ಹೇಳಿದರು. ಆದರೂ ಹೊಳೆನರಸೀಪುರದ ಒಬ್ಬ ಹೆಂಗಸು ಈ ಊರಿನ ಪೊಲೀಸ್ ಕಟ್ಟಡದಲ್ಲಿ ಕೂತಿದ್ದಾಳೆ ಎಂದು ಅರಕಲಗೂಡಿನ ಯಾರಿಗೋ ಈಗ ಗೊತ್ತು. ನಮ್ಮ ತಾಲ್ಲೂಕುಗಳಲ್ಲಿ ಇಬ್ಬರು ಅಪರಿಚಿತರ ನಡುವೆ ಮೂರನೆಯ ಪ್ರಶ್ನೆಗೆ ಒಬ್ಬ ನೆಂಟ ಸಿಕ್ಕೇ ಸಿಗುತ್ತಾನೆ.

ಎರಡನೆಯ ಸಲ ಬಂದದ್ದು ಹುಡುಗಿಯ ದನಿ. ಧಾರವಾಡ ಕಡೆಯ ಮಾತು ಎಂದು ಕಾಣುತ್ತದೆ. ತನ್ನ ಹೆಸರು ಹೇಳಲಿಲ್ಲ, ಒಂದು ಸಂಖ್ಯೆ ಹೇಳಿದಳು. ನೀವು ಹೇಳಿದ್ದನ್ನು ಬಿಡದೆ, ಸೇರಿಸದೆ ಹೇಳುತ್ತೇನೆ ಎಂದಳು. ಊರು ಕೇಳಲಿಲ್ಲ.

ನನ್ನಿಂದ ಒಂದು ಮಾತನ್ನೂ ಕೇಳುವ ಮೊದಲು ಕ್ಯಾರಲ್ ತಮ್ಮ ಮಾತನ್ನು ಹೇಳಿದರು. ನಾನು ಪೊಲೀಸಲ್ಲ, ವಕೀಲಳೂ ಅಲ್ಲ. ಯಾರನ್ನೂ ಬಂಧಿಸಲಾರೆ, ಯಾರನ್ನೂ ಬಿಡಿಸಲಾರೆ. ನೀವು ಏನು ಹೇಳಬೇಕೆಂದು ಹೇಳಿಕೊಡಲಾರೆ. ಪಕ್ಕದಲ್ಲಿ ಕೂರಬಲ್ಲೆ. ಸಾಕು, ಸ್ವಲ್ಪ ನಿಲ್ಲಿಸಿ ಎಂದು ಅಧಿಕಾರಿಗೆ ಹೇಳಬಲ್ಲೆ. ಏಟು ತಿಂದವರನ್ನು ಆಸ್ಪತ್ರೆಗೆ, ಅಲ್ಲಿಂದ ಸುರಕ್ಷಿತವಾದ ಜಾಗಕ್ಕೆ ಸೇರಿಸಬಲ್ಲೆ. ಹೊಡೆದವನು ಹತ್ತಿರ ಸುಳಿಯಬಾರದೆಂದು ನ್ಯಾಯಾಧೀಶರಲ್ಲಿ ಕೇಳಿಕೊಳ್ಳುವವರಿಗೆ ನೆರವಾಗಬಲ್ಲೆ. ನನ್ನ ಕೈಯಲ್ಲಿರುವುದು ಅಷ್ಟು, ಈ ಜಿಲ್ಲೆಯ ಗಡಿಯವರೆಗೆ.

ಆಮೇಲೆ ಇನ್ನೂ ನಿಧಾನವಾಗಿ ಹೇಳಿದರು. ನಾನು ಸರ್ಕಾರದವಳು. ಪ್ರಕರಣಕ್ಕೆ ಸಂಬಂಧಪಟ್ಟದ್ದನ್ನು ನೀವು ನನಗೆ ಹೇಳಿದರೆ, ಅದನ್ನು ಸರ್ಕಾರಿ ವಕೀಲರಿಗೆ ಮುಟ್ಟಿಸುವುದು ನನ್ನ ಕರ್ತವ್ಯವಾಗಬಹುದು. ಅಲ್ಲಿಂದ ಹೊಡೆದವನ ವಕೀಲರಿಗೂ ಹೋಗಬಹುದು. ಯಾರಿಗೂ ಹೋಗಬಾರದು ಎನ್ನುವ ಮಾತನ್ನು ನನಗೆ ಹೇಳಬೇಡಿ. ಅಂಥದ್ದನ್ನು ಕೇಳಿಸಿಕೊಳ್ಳಲು ಸರ್ಕಾರಕ್ಕೆ ಸೇರದ ಬೇರೆಯವರಿದ್ದಾರೆ, ಅವರಲ್ಲಿಗೆ ಕಳಿಸುತ್ತೇನೆ. ಆದರೆ ಮನೆಯವರು, ನೆಂಟರು, ಬಸ್ಸಿನವರು, ಪತ್ರಿಕೆಯವರು ಯಾರೇ ಕೇಳಲಿ, ನನ್ನ ಬಾಯಿಂದ ಏನೂ ಹೊರಡುವುದಿಲ್ಲ.

ಕೇಳಿಸಿಕೊಳ್ಳುವ ಮೊದಲೇ, ಕೇಳಿದ್ದು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಬೀದಿಯಲ್ಲಿ ಎಲ್ಲ ಗುಟ್ಟೂ "ಯಾರಿಗೂ ಹೇಳ್ಬೇಡಿ" ಎಂದೇ ಶುರುವಾಗುತ್ತದೆ, ಹಾಗೆಯೇ ಬೀದಿಯ ಆ ತುದಿ ಮುಟ್ಟುತ್ತದೆ. ಬಾಯಿ ಕಟ್ಟಿಕೊಳ್ಳುವುದಕ್ಕೆ ಇಷ್ಟೊಂದು ಅಳತೆ, ಗಡಿಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

ಪೊಲೀಸ್ ಅಧಿಕಾರಿ ಬಂದರು. ನಾನು ಹೇಳಿದೆ. ನೋಡಿದ್ದು ಒಂದು ಏಟು, ಕೇಳಿದ್ದು ಒಂದು. ಹಲವು ಏಟುಗಳೇ ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಲೋಕೇಶ ಹೇಳಿದ ಮಾತು ಬಂದಾಗ ದುಭಾಷಿ ಹುಡುಗಿ ನನ್ನನ್ನು ತಡೆದಳು. ಅರ್ಥ ಬಿಡಿಸಬೇಡಿ, ಅವರು ಹೇಳಿದ ಹಾಗೇ ಹೇಳಿ ಎಂದಳು. ಹೇಳಿದೆ. ನಿನ್ನ ಮಗಳು ಊರಿನಲ್ಲಿದ್ದಾಳೆ, ನೆನಪಿರಲಿ. ಇಂಗ್ಲಿಷಿನಲ್ಲಿ ಅದು ಕುಶಲ ವಿಚಾರಿಸಿದ ಹಾಗೆ ಕೇಳಿತು. ಹೇಳುವಾಗ ಅವನ ಕೈಯಲ್ಲಿ ಏನಿತ್ತು ಎಂದು ಅಧಿಕಾರಿ ಕೇಳಿದರು. ಜಡೆ ಎಂದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಏಳುವಾಗ ಕ್ಯಾರಲ್ ಅವರನ್ನು ಕೇಳಿದೆ. ಭಾಗ್ಯ ಎಲ್ಲಿದ್ದಾಳೆ, ಮೂಳೆ ಮುರಿದಿದೆಯೇ, ಊಟ ಮಾಡಿದಳೇ?

"ಅಂಥವರನ್ನು ಕಂಡಿದ್ದೇನೆ ಎಂದೂ ನಾನು ಹೇಳಲಾರೆ, ಕಂಡಿಲ್ಲ ಎಂದೂ ಹೇಳಲಾರೆ."

ನನಗೆ ಸಿಟ್ಟು ಬಂತು. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ಅವಳ ಮಂಚದ ಸುತ್ತ ನಾವು ನಿಂತಿರುತ್ತಿದ್ದೆವು, ಯಾರಾದರೂ ಎಳನೀರು ತಂದಿರುತ್ತಿದ್ದರು. ನಾನು ಇಲ್ಲಿ ಹೇಳಿದ್ದನ್ನು ಬಸ್ಸಿನಲ್ಲಿ ಹೇಳಬಹುದೇ ಎಂದೆ. ನಿಮ್ಮ ಮಾತು ನಿಮ್ಮದು, ನಾನು ತಡೆಯಲಾರೆ ಎಂದರು ಕ್ಯಾರಲ್. ಅದರೊಳಗೆ ಯಾರ ಜೀವ ಇದೆ ಎಂದು ಮಾತ್ರ ನೋಡಿಕೊಳ್ಳಿ.

ಜಲಪಾತ

ಬಸ್ಸಿನಲ್ಲಿ ಏನು ಕೇಳಿದರು, ಏನು ಹೇಳಿದಿರಿ ಎಂದು ಸುತ್ತುಗಟ್ಟಿದರು. ಕೇಳಿದ್ದಕ್ಕೆ ಉತ್ತರ ಹೇಳಿದೆ ಎಂದೆ. ಅಷ್ಟಕ್ಕೇ ಅರ್ಧ ಬಸ್ಸು ನನ್ನೊಡನೆ ಮಾತು ಬಿಟ್ಟಿತು. ಭಾಗ್ಯನೇ ಏನೋ ಮಾಡಿರಬೇಕು ಎಂದರು ಕೆಲವರು. ಅರ್ಚಕರ ಹೆಂಡತಿ ಬ್ರೆಡ್ಡಿನ ತುಂಡನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡದೆ ಹೇಳಿದರು.

"ಹೊಡೆದಿದ್ದು ಅವಳಿಗೆ. ಉಪವಾಸ ನಮಗೆ."

ಯಾರೂ ನಗಲಿಲ್ಲ. ಲೋಕೇಶನಿಗೆ ಜಾಮೀನು ಸಿಗಬಹುದು, ಆದರೆ ಆ ಊರು ಬಿಟ್ಟು ಹೋಗುವಂತಿಲ್ಲ ಎಂದು ರಾಜಣ್ಣನವರು ವಿಚಾರಿಸಿಕೊಂಡು ಬಂದಿದ್ದರು. ಇನ್ನು ಮುಂದೆ ದಾರಿ ನೋಡಿಕೊಂಡು ಹೋಗುವವರು ಅವರೇ. ಲೋಕೇಶನ ತಮ್ಮನಿಗೆ ಹಾಸನಕ್ಕೆ ಫೋನು ಮಾಡಿದ್ದೇನೆ, ಪಾಪ ಹುಡುಗ ಗಾಬರಿಯಾಗಿದ್ದಾನೆ ಎಂದರು. ಹಾಸನಕ್ಕೆ ಗೊತ್ತಾದದ್ದು ಅರಕಲಗೂಡಿಗೆ ಗೊತ್ತಾಗಲು, ಅಲ್ಲಿಂದ ಆ ಹಳ್ಳಿಯ ಪಕ್ಕದ ಮನೆಗೆ ಹೋಗಲು ಎಷ್ಟು ಹೊತ್ತು? ಭಾಗ್ಯನ ಮಗು ಅಲ್ಲಿತ್ತು.

ಮಾರನೆಯ ಬೆಳಿಗ್ಗೆ ಜಲಪಾತದ ಕಟ್ಟೆಯ ಮೇಲೆ ನೀಲಿ ಮಳೆ ಅಂಗಿ ಹಾಕಿಕೊಂಡು ನಿಂತಿದ್ದೆ. ನೀರು ಎದುರಿಗೆ ಬೀಳುತ್ತಿತ್ತು. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋನು ನಡುಗಿತು. ಕ್ಯಾರಲ್. ಜೊತೆಗೆ ಅದೇ ದುಭಾಷಿ ಹುಡುಗಿ, ಅದೇ ಸಂಖ್ಯೆ. ಒಬ್ಬರೇ ಇದ್ದೀರಾ ಎಂದು ಕೇಳಿದರು. ನಾನು ನೀರಿನ ಸದ್ದಿನಿಂದ ದೂರ, ಶೌಚಾಲಯದ ಹಿಂದಿನ ಗೋಡೆಗೆ ಹೋಗಿ ನಿಂತೆ.

ಒಬ್ಬರು ನಿಮಗೆ ಒಂದು ಮಾತು ತಲುಪಿಸಲು ಬರಹದಲ್ಲಿ ಅನುಮತಿ ಕೊಟ್ಟಿದ್ದಾರೆ ಎಂದರು ಕ್ಯಾರಲ್. ಆ ಒಂದು ಮಾತಿಗೆ ಮಾತ್ರ. ಇನ್ನೇನು ಕೇಳಿದರೂ ನಾನು ಹೇಳುವಂತಿಲ್ಲ. ಕೇಳಿಸಿಕೊಳ್ಳಲೇಬೇಕೆಂಬ ಬಲವಂತ ನಿಮಗಿಲ್ಲ, ಕೇಳಿದ ಮೇಲೆ ಮಾಡಲೇಬೇಕೆಂಬ ಬಲವಂತವೂ ಇಲ್ಲ.

ಹೇಳಿ ಎಂದೆ. ಧಾರವಾಡದ ಹುಡುಗಿ ಓದಿದಳು. ಅವಳ ದನಿ, ಅರಕಲಗೂಡಿನ ಮಾತು. ಒಂದಕ್ಷರ ತಿದ್ದಿರಲಿಲ್ಲ.

"ಟೀಚರಮ್ಮಾರೆ, ನಮ್ಮವ್ವನ್ನೂ ನನ್ ಮಗ್ಳನ್ನೂ ಊರಿಂದ ಕರ್ಕೊಂಡೋಗಿ ಎಲ್ಲಾರ ಮಡಿಕ್ಕೊಳ್ಳಿ. ಯಾಕೆ ಅಂತ ಯಾರ್ಗೂ ಏಳ್ಬ್ಯಾಡಿ. ಅವ್ವ ನಂಬ್ನಿಲ್ಲ ಅಂದ್ರೆ, ಮುದ್ದೆ ಕೋಲ್ ಮುರ್ದಿದ್ದು ಬೆಕ್ಕಲ್ಲ, ನಾನೇಯ ಅಂದ್ಲು ಅಂತ ಏಳಿ."

ಆಮೇಲೆ ಊರಿನ ಹೆಸರು, ಮನೆಯ ಗುರುತು. ಅವ್ವನ ಹತ್ತಿರ ಫೋನಿರಲಿಲ್ಲ. ಅವಳಿಗೆ ಫೋನು ಬಂದರೆ ತಂದುಕೊಡುತ್ತಿದ್ದವರು ಲೋಕೇಶನ ನೆಂಟರಾದ ಆ ಪಕ್ಕದ ಮನೆಯವರೇ. ನನ್ನ ಅಧಿಕಾರ ಅಲ್ಲಿಗೆ ಮುಟ್ಟುವುದಿಲ್ಲ ಎಂದರು ಕ್ಯಾರಲ್. ಅವರ ದನಿ ಮೊದಲ ಸಲ ಸಣ್ಣದಾಯಿತು.

ನನಗೆ ಹೊಳೆದದ್ದು ಚನ್ನರಾಯಪಟ್ಟಣದ ನನ್ನ ತಂಗಿ ನಾಗು ಒಬ್ಬಳೇ. ಕಾರಿದೆ, ಓಡಿಸಲು ಗಂಡನಿದ್ದಾನೆ, ಮಕ್ಕಳು ಮದುವೆಯಾಗಿ ಹೋಗಿ ಮನೆ ಖಾಲಿ ಇದೆ. ಆದರೆ ನಾಗುವಿನ ಬಾಯಲ್ಲಿ ಹುಟ್ಟಿದಾಗಿನಿಂದ ಒಂದು ಮಾತು ನಿಂತಿಲ್ಲ. ನಮ್ಮ ಮನೆಯಲ್ಲಿ ಯಾವುದಾದರೂ ಸುದ್ದಿ ಹರಡಬೇಕಾದರೆ ಅವಳಿಗೆ ಗುಟ್ಟು ಎಂದು ಹೇಳುತ್ತಿದ್ದೆವು.

ಆದರೂ ಅವಳಿಗೇ ಫೋನು ಮಾಡಿದೆ. ನಮ್ಮಲ್ಲಿ ಅದು ದೀಪ ಹಚ್ಚುವ ಹೊತ್ತು. ಹಿಂದೆ ಟಿವಿಯ ಧಾರಾವಾಹಿ ಕೇಳುತ್ತಿತ್ತು. ಈಗಲೇ ಕಾರು ತೆಗೆಸು, ಇಂಥ ಊರಿಗೆ ಹೋಗು, ಇಂಥ ಮನೆಯಿಂದ ಒಬ್ಬ ಅಜ್ಜಿಯನ್ನೂ ಒಂದು ಮಗುವನ್ನೂ ಕರೆದುಕೊಂಡು ಬಾ, ಅಜ್ಜಿ ನಂಬದಿದ್ದರೆ ಮುದ್ದೆ ಕೋಲಿನ ಈ ಮಾತು ಹೇಳು ಎಂದೆ.

"ಯಾಕಕ್ಕ?"

"ಅದನ್ನ ಕೇಳ್ಬೇಡ."

"ಯಾರ ಪೈಕಿ ಅವ್ರು?"

"ಅದೂ ಬೇಡ."

"ಭಾವಂಗೆ ಗೊತ್ತಾ?"

"ಇಲ್ಲ. ಹೇಳೂಬೇಡ."

ಟಿವಿಯ ಸದ್ದು 'ಟಪ್' ಎಂದು ನಿಂತಿತು.

"ಅಲ್ಲ ಕಣಕ್ಕ, ಊರು ನೋಡ್ಕೊಂಡ್ ಬರ್ತೀನಿ ಅಂತ ಹೋದೋಳು, ಅಲ್ಲೇನ್ ಕೆಲಸಕ್ಕೆ ಸೇರ್ಕೊಂಡೆ ನೀನು?"

"ನಾಗು, ಆ ಮಗೂಗೆ ಅಪಾಯ ಇದೆ."

ಅದನ್ನು ಹೇಳಲು ನನಗೆ ಅನುಮತಿ ಇರಲಿಲ್ಲ. ಆದರೂ ಹೇಳಿದೆ.

"ಮುದ್ದೆ ಕೋಲಿಂದು ಇನ್ನೊಂದ್ಸಲ ಹೇಳು" ಎಂದಳು ನಾಗು. ಹೇಳಿದೆ. ಫೋನಿಟ್ಟಳು.

ದೊಡ್ಡ ನಗರ

ಆಮೇಲೆ ನೋಡಿದ ದೊಡ್ಡ ನಗರದ ಬಗ್ಗೆ ನನಗೆ ನೆನಪಿರುವುದು ಕಡಿಮೆ. ಕಟ್ಟಡಗಳು ಎತ್ತರವಿದ್ದವು. ಒಂದು ಕಡೆ ನಮ್ಮವರು ಮೊಸರನ್ನ ಸಿಗುವ ಹೋಟೆಲು ಕಂಡು ಅಳುವಷ್ಟು ಸಂತೋಷಪಟ್ಟರು. ನಾನು ಫೋನನ್ನು ಕೈಯಲ್ಲೇ ಹಿಡಿದು ತಿರುಗಿದೆ. ನಾಗು ಫೋನು ಮಾಡಲಿಲ್ಲ. ನಾನೇ ಮಾಡಿದರೆ, ಅಡುಗೆ ಮಾಡುತ್ತಿದ್ದೇನೆ ಎಂದು ಇಟ್ಟುಬಿಡುತ್ತಿದ್ದಳು. ನಾಗು ಮಾತು ಮೊಟಕು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳು ಹೋಗಲಿಲ್ಲವೇ? ಹೋಗುವಷ್ಟರಲ್ಲಿ ತಡವಾಗಿತ್ತೇ? ಅಥವಾ ದಾರಿಯಲ್ಲೇ ಯಾರಿಗಾದರೂ ಹೇಳಿಕೊಂಡುಬಿಟ್ಟಳೇ?

ನಮ್ಮ ಯಜಮಾನರು ಫೋನು ಮಾಡಿದರು. ಅಡುಗೆಯವಳದು ಏನೋ ರಾದ್ಧಾಂತವಂತೆ, ನೀನು ಸಾಕ್ಷಿ ಹೇಳಿದೆಯಂತೆ, ಅಂಗಡಿ ಬೀದಿಯಲ್ಲೆಲ್ಲ ಅದೇ ಮಾತು ಎಂದರು. ಬಸ್ಸಿನ ವಾಟ್ಸಾಪಿನಿಂದಲೋ, ಅರಕಲಗೂಡಿನ ಆ ದುಭಾಷಿಯ ಬಾಯಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೋಡದ ಏಟನ್ನು ಎಣಿಸುವಂತಿಲ್ಲವಲ್ಲ. ಆದ್ದರಿಂದ ಅವನ ಮೇಲೆ ಹೊರಿಸಲಾರೆ.

ಹಾಸನದ ದಾರಿ

ಬೆಂಗಳೂರಿನಲ್ಲಿ ಇಳಿದಾಗ ಕರೆದೊಯ್ಯಲು ಲೋಕೇಶನ ತಮ್ಮ ಬಸ್ಸು ತಂದಿದ್ದ. ಹೋಗುವಾಗ ಹಾರ ಹಾಕಿ ಕಳಿಸಿದ್ದ ಹುಡುಗ. ಈಗ ಎಲ್ಲರ ಪೆಟ್ಟಿಗೆ ಹೊತ್ತು, ಕೊನೆಗೆ ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತ. ಅಣ್ಣನದೇ ದನಿ, ಅಷ್ಟೇ ಮೆತ್ತಗೆ.

"ಆಯಾಸ ಆಯ್ತಾ ಮೇಡಂ?"

ಇಲ್ಲ ಎಂದೆ.

"ಭಾಗ್ಯಕ್ಕನ ಮಗಳು ಊರಲ್ಲೇ ಇಲ್ವಂತೆ. ಅವರವ್ವನೂ ಇಲ್ಲ. ಮನೆಗೆ ಬೀಗ. ನಿಮ್ಗೇನಾದ್ರೂ ಗೊತ್ತಾ?"

ಇಷ್ಟು ದಿನ ನಾನು ಯಾರನ್ನೂ ಕೇಳಲಾಗದಿದ್ದ ಸಮಾಚಾರವನ್ನು ಅವನೇ ತಂದು ನನ್ನ ಕೈಯಲ್ಲಿಟ್ಟ. ಬೀಗ. ಮುಖದಲ್ಲಿ ಏನೂ ಕಾಣಬಾರದು ಎಂದು ಕಿಟಕಿಯ ಕಡೆ ತಿರುಗಿದೆ. ಕ್ಯಾರಲ್ ಹೇಳಿದ ಮಾತು ಕನ್ನಡದಲ್ಲಿ ತಾನಾಗಿ ಬಂತು.

"ಗೊತ್ತಿದೆ ಅಂತಾನೂ ಹೇಳಲ್ಲಪ್ಪ, ಗೊತ್ತಿಲ್ಲ ಅಂತಾನೂ ಹೇಳಲ್ಲ."

ಅವನು ಎದ್ದು ಡ್ರೈವರ್ ಪಕ್ಕಕ್ಕೆ ಹೋದ. ಆ ಮಾತು ಅಮೆರಿಕದ ಕೋಣೆಯಲ್ಲಿ ಸುಲಭ. ನಮ್ಮ ಬಸ್ಸಿನಲ್ಲಿ ಅದನ್ನು ಹೇಳಿದರೆ ಗೊತ್ತಿದೆ ಎಂದೇ ಅರ್ಥ ಎಂದು ಹೊಳೆದದ್ದು, ಅವನು ಫೋನು ಕಿವಿಗಿಟ್ಟುಕೊಂಡಾಗ.

ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದರು. ನಾಗುವಿನ ಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ನಿಮ್ಮ ತಂಗಿ ಊರಲ್ಲವೇ ಟೀಚರೇ, ಇಳಿದು ಮಾತಾಡಿಸಿಕೊಂಡು ಬನ್ನಿ, ಕಾಯುತ್ತೇವೆ ಎಂದರು ರಾಜಣ್ಣನವರು, ದೊಡ್ಡ ದನಿಯಲ್ಲಿ, ಒಳ್ಳೆಯ ಮನಸ್ಸಿನಿಂದಲೇ. ಹುಡುಗ ಕಾಫಿ ಲೋಟ ಹಿಡಿದು ನನ್ನ ಕಡೆ ತಿರುಗಿದ. ತಲೆನೋವು, ಇನ್ನೊಂದು ದಿನ ಬರುತ್ತೇನೆ ಎಂದೆ. ಬಸ್ಸಿನಿಂದ ಇಳಿಯಲೇ ಇಲ್ಲ. ಕಾಫಿಯನ್ನೂ ಕುಡಿಯಲಿಲ್ಲ.

ಚನ್ನರಾಯಪಟ್ಟಣ

ನಾಗುವಿನ ಮನೆಗೆ ಬಹಳ ದಿನ ತಡೆದು ಹೋದೆ. ನೇರವಾಗಿ ಹೋಗಲಿಲ್ಲ. ಹಾಸನಕ್ಕೆ ಹೋಗಿ, ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು, ಅಲ್ಲಿಂದ ಬೇರೆ ಬಸ್ಸು ಹತ್ತಿ ಹೋದೆ. ಹಿಂದೆ ತಿರುಗಿ ನೋಡುತ್ತಾ ನಡೆದೆ. ಆ ಮನೆಯಲ್ಲಿ ಈಗ ನಾಗು, ಅವಳ ಗಂಡನ ಹೊರತು ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾಗು ಬಾಗಿಲು ತೆರೆದು, ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ನನ್ನನ್ನು ಒಳಗೆಳೆದುಕೊಂಡಳು. ಸೊರಗಿದ್ದಳು. ಹಜಾರದಲ್ಲಿ ಕೂರಿಸಿ ನೀರು ಕೊಟ್ಟು ನನ್ನ ಎದುರಿಗೇ ಕೂತಳು.

ತಡೆಯಲಾರದೆ ಕೇಳಿಬಿಟ್ಟೆ. ಅವತ್ತು ಏನಾಯಿತು, ಹೋದೆಯಾ, ನಂಬಿದರಾ, ಎಲ್ಲಿದ್ದಾರೆ?

ನಾಗು ನನ್ನ ಮುಖವನ್ನೇ ನೋಡಿದಳು. ಇಷ್ಟು ದಿನ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಎಷ್ಟು ಹೆದರಿದ್ದಳೆಂದು ಆಗ ಕಂಡಿತು.

"ಯಾರು? ನೀನ್ ಯಾರನ್ನ ಕೇಳ್ತಿದೀಯೋ ನಂಗೊತ್ತಿಲ್ಲ ಕಣಕ್ಕ."

ಅಡುಗೆಮನೆಯಲ್ಲಿ ಯಾರೋ ಮುದ್ದೆ ತಿರುವುತ್ತಿದ್ದರು. ಕೋಲು ಪಾತ್ರೆಯ ಅಂಚಿಗೆ ತಾಗುವ ಸದ್ದು. ಅದರ ನಡುವೆ ಒಂದು ಮಗುವಿನ ಪಿಸುಮಾತು, ಯಾರೋ "ಶ್" ಎಂದದ್ದು. ಅವರನ್ನು ನಾನು ನೋಡಲಿಲ್ಲ. ಕೇಳಿದ್ದು ಮಾತ್ರ.

ನಾಗು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒಳಗಿನವರಿಗೂ ಕೇಳಿಸುವ ಹಾಗೆ, ತನ್ನ ಹಳೆಯ ದೊಡ್ಡ ದನಿಯಲ್ಲಿ ಹೇಳಿದಳು.

"ಅದೆಲ್ಲ ಬಿಡು. ಜಲಪಾತ ಹೆಂಗಿತ್ತು, ಅದನ್ನ ಹೇಳು."

ಜಲಪಾತದ ಬಗ್ಗೆ ಎಷ್ಟು ಬೇಕಾದರೂ ಹೇಳಬಹುದಿತ್ತು. ಹೇಳುತ್ತಾ ಹೋದೆ. ಅಡುಗೆಮನೆಯಲ್ಲಿ ಕೋಲಿನ ಸದ್ದು ನಿಂತಿತು. ಒಳಗೂ ಕೇಳಿಸಿಕೊಳ್ಳುತ್ತಿದ್ದರು.